ಲಕ್ಷದ್ವೀಪ ನಮಗೆ ಪರವೂರಲ್ಲ

ಈ ರಜೆಯಲ್ಲಿ ನಮ್ಮವರ ಎಷ್ಟೋ ಕುಟುಂಬಗಳು ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪ ನೋಡಿ ಬಂದವು. ಹಲಾಲ್ ಊಟದ ಚಿಂತೆಯಿಲ್ಲ, ಕುಡುಕರ ಕಾಟವಿಲ್ಲ, ಹೆಂಗಸರು ಮಕ್ಕಳು ನಿರ್ಭಯವಾಗಿ ತಿರುಗಬಹುದು, ಬಾಂಗ್ ಕೇಳುವಷ್ಟು ಹತ್ತಿರ ಮಸೀದಿ. ಹೋಗುವುದಕ್ಕೆ ಇವೆಲ್ಲ ಒಳ್ಳೆಯ ಕಾರಣಗಳೇ. ಆದರೆ ವಾಟ್ಸಾಪ್‌ನಲ್ಲಿ ಬಂದ ನೂರಾರು ಫೋಟೋಗಳ ಕೆಳಗೆ ಇದ್ದದ್ದು ಒಂದೇ ಮಾತು: "ನಮ್ಮದೇ ಮಾಲ್ದೀವ್ಸ್." 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಸಮುದ್ರಕ್ಕಿಳಿದು ಈಜಿದ ಮೇಲೆ ಟಿವಿಯವರು ಹಬ್ಬಿಸಿದ ಮಾತು ಅದು. ಬ್ಯಾರಿಯ ಬಾಯಲ್ಲಿ ಅದು ಬರಬಾರದು.

ಯಾಕೆಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದೂ ನಮ್ಮ ಜಿಲ್ಲೆಯಲ್ಲಿದ್ದವು. ಟಿಪ್ಪುವಿನ ಕೈಯಲ್ಲಿದ್ದ ಅವು 1799ರಲ್ಲಿ ಬ್ರಿಟಿಷರಿಗೆ ಹೋಗಿ ದಕ್ಷಿಣ ಕನ್ನಡಕ್ಕೆ ಸೇರಿದವು. 1956ರ ನವೆಂಬರ್ 1ರ ತನಕ ಅವುಗಳ ಕಲೆಕ್ಟರು ಕೂತಿದ್ದು ಮಂಗಳೂರಿನಲ್ಲಿ. ದ್ವೀಪದವರ ತೆಂಗಿನ ನಾರಿನ ಹುರಿಯನ್ನು ಸರ್ಕಾರವೇ ಏಕಸ್ವಾಮ್ಯದಲ್ಲಿ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿ ಮಂಗಳೂರಿಗೆ ಬಂದಂತೆ ಅಕ್ಕಿ ದ್ವೀಪಕ್ಕೆ ಹೋಗುತ್ತಿತ್ತು. ನನ್ನ ಉಪ್ಪನ ಅಂಗಡಿಯಲ್ಲಿ ದ್ವೀಪದ ಬೆಲ್ಲಕ್ಕೆ ಬೇರೆಯೇ ಡಬ್ಬ ಇತ್ತು. ಅಂಟಂಟಾದ ಕಪ್ಪು ಬೆಲ್ಲ, ಚಮಚದಲ್ಲಿ ತೆಗೆಯಬೇಕು. ಈಗ ಅದನ್ನು ಕೇಳುವ ಗಿರಾಕಿಗಳಿಲ್ಲ. ದ್ವೀಪಕ್ಕೆ ಹೋಗಿ ಬಂದವರೂ ತಂದದ್ದು ಚಿಪ್ಪಿನ ಕೀಚೈನ್.

ಹಡಗಿನ ಪ್ಯಾಕೇಜ್ ಹೇಗಿದೆ ನೋಡಿ. ರಾತ್ರಿ ಹಡಗಿನಲ್ಲಿ, ಹಗಲು ದಡದಲ್ಲಿ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಒಂದೊಂದಕ್ಕೆ ಒಂದೊಂದು ಹಗಲು. ಹಡಗು ಆಳದಲ್ಲಿ ನಿಲ್ಲುತ್ತದೆ, ಸಣ್ಣ ದೋಣಿ ದಡಕ್ಕೆ ಒಯ್ಯುತ್ತದೆ. ಎಳನೀರು, ಈಜು, ಊಟ, ಒಂದು ನೃತ್ಯ, ಸಂಜೆ ವಾಪಸು. ಅಮಿನಿ ಗುಂಪಿನ ಐದರಲ್ಲಿ ಒಂದೂ ಈ ಸುತ್ತಿನಲ್ಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ದ್ವೀಪದವರ ಜೆಸರಿ ಭಾಷೆಯನ್ನು ನಮ್ಮ ಉಮ್ಮಂದಿರು ಅರ್ಧ ಗಂಟೆ ಕೂತು ಕೇಳಿದರೆ ಮುಕ್ಕಾಲು ತಿಳಿಯುತ್ತದೆ. ಆ ಅರ್ಧ ಗಂಟೆ ಪ್ಯಾಕೇಜಿನಲ್ಲಿಲ್ಲ.

ನಾನು ತೇಣಿ ಜಿಲ್ಲೆಯಲ್ಲಿ ನೂಲಿನ ಮಿಲ್ಲೊಂದರ ಮೇಂಟೆನೆನ್ಸ್‌ನಲ್ಲಿ ಇರುವವ, ಹಾಗಾಗಿ ಹಾದುಹೋಗುವವರ ಪ್ರವಾಸ ಹೇಗಿರುತ್ತದೆಂದು ಪ್ರತಿ ವಾರ ನೋಡುತ್ತೇನೆ. ದಿಂಡಿಗಲ್ ಕಡೆಯಿಂದ ತೇಕ್ಕಡಿಗೆ ಹೋಗುವ ಕಾರುಗಳು ಕಂಬಂ ಕಣಿವೆಯ ದ್ರಾಕ್ಷಿ ತೋಟದೆದುರು ಹತ್ತು ನಿಮಿಷ ನಿಲ್ಲುತ್ತವೆ. ಬಳ್ಳಿಯ ಕೆಳಗೆ ಫೋಟೋ, ಒಂದು ಕಿಲೋ ಪನ್ನೀರ್ ದ್ರಾಕ್ಷಿ, ಮುಂದಕ್ಕೆ. ಈ ಹಸಿರೆಲ್ಲ 1895ರಿಂದ ಬೆಟ್ಟ ಕೊರೆದ ಸುರಂಗದಲ್ಲಿ ಬರುವ ಪೆರಿಯಾರ್ ನೀರು ಎಂದಾಗಲಿ, ಅಣೆಕಟ್ಟು ಕಟ್ಟಿಸಿದ ಪೆನ್ನಿಕ್ವಿಕ್‌ನ ಹೆಸರನ್ನು ಇಲ್ಲಿನ ರೈತರು ಮಕ್ಕಳಿಗೆ ಇಡುತ್ತಾರೆ ಎಂದಾಗಲಿ ಅವರಿಗೆ ಗೊತ್ತಿಲ್ಲ. ಆ ತೋಟದ ಯಜಮಾನ ಮನೆಯಲ್ಲಿ ಕನ್ನಡ ಮಾತಾಡುವ ಕಾಪ್ಪಿಲಿಯರ ಗೌಂಡರ್ ಆಗಿರಬಹುದು. ಬೆಂಗಳೂರಿನ ನಂಬರ್ ಪ್ಲೇಟಿನವರು ಅವನೊಡನೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುವುದನ್ನು ನಾನೇ ಕಂಡಿದ್ದೇನೆ. ನಾವು ದ್ವೀಪದಲ್ಲಿ ಮಾಡುವುದೂ ಇದನ್ನೇ.

ನೀರಿನ ಮಾತಿಗೆ ಬರೋಣ, ಅದು ನನ್ನ ಕಸುಬಿಗೆ ಹತ್ತಿರ. ದ್ವೀಪದಲ್ಲಿ ಹೊಳೆಯಿಲ್ಲ. ಹವಳದ ಮರಳಿಗೆ ಇಳಿದ ಮಳೆನೀರು ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವುದು ಅದು. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಅದಕ್ಕೇ 2005ರಲ್ಲಿ ಕವರತ್ತಿಯಲ್ಲಿ ಒಂದು ಸ್ಥಾವರ ಹಾಕಿದರು. ಮೇಲಿನ ಬೆಚ್ಚಗಿನ ಕಡಲ ನೀರನ್ನು ನಿರ್ವಾತದಲ್ಲಿ ಆವಿ ಮಾಡಿ, ನೂರಾರು ಮೀಟರ್ ಆಳದಿಂದ ತಂದ ತಣ್ಣೀರಿನ ಕೊಳವೆಗಳಿಗೆ ತಾಗಿಸಿ ಸಿಹಿನೀರು ಮಾಡುವುದು. ಡಿಪ್ಲೊಮಾದಲ್ಲಿ ಕಂಡೆನ್ಸರ್ ಪಾಠ ಓದಿದವನಿಗೆ ಇದಕ್ಕಿಂತ ಚಂದದ ಯಂತ್ರ ಬೇರೆ ಕಾಣಲಿಕ್ಕಿಲ್ಲ. ದಿನಕ್ಕೆ 1 ಲಕ್ಷ ಲೀಟರ್. 2011ರ ಜನಗಣತಿಯಲ್ಲಿ ಅಲ್ಲಿದ್ದವರು 11,000ಕ್ಕೂ ಹೆಚ್ಚು ಜನ, ಅಂದರೆ ತಲೆಗೆ 9 ಲೀಟರ್. ನಾವು ಈಜಿ ಬಂದು ಉಪ್ಪು ತೊಳೆಯಲು ಒಂದು ಸ್ನಾನಕ್ಕೆ ಸುರಿಯುವ ನೀರು ಅದರ ಎಷ್ಟು ಪಟ್ಟು?

"ನಾವು ಹೋದರೆ ಅವರಿಗೆ ನಾಲ್ಕು ಕಾಸು ಸಿಗುತ್ತದಲ್ಲ?" ಎನ್ನುತ್ತಾರೆ. ಸ್ವಲ್ಪ ಸಿಗುತ್ತದೆ, ಸುಳ್ಳಲ್ಲ. ದೋಣಿಯವನಿಗೆ, ಅಡುಗೆಯವನಿಗೆ ಕೂಲಿ ಉಂಟು. ಆದರೆ ಪ್ಯಾಕೇಜಿನ ಹಣ ಹಡಗು ಹತ್ತುವ ಮೊದಲೇ ಕಟ್ಟಿ ಆಗಿದೆ. ಹಗಲು ಬಂದು ಸಂಜೆ ಹೋಗುವವನು ದ್ವೀಪದ ಅಂಗಡಿಯಲ್ಲಿ ಏನು ಕೊಂಡಾನು? ಗಿರಾಕಿ ಬಾಗಿಲಲ್ಲಿ ನಿಂತು ನೋಡಿ ಹೋದರೆ ಗಲ್ಲಾ ತುಂಬುವುದಿಲ್ಲ, ಅಂಗಡಿಯವರ ಮಕ್ಕಳಾದ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕೇ?

2021ರಲ್ಲಿ ಭೂಮಿ ಸ್ವಾಧೀನಕ್ಕೆ ದಾರಿ ಮಾಡುವ ಕರಡು ನಿಯಮ ಬಂದಾಗ ನಾವೆಲ್ಲ ಪ್ರೊಫೈಲ್ ಚಿತ್ರ ಬದಲಿಸಿದೆವು. 2025ರ ಜುಲೈಯಲ್ಲಿ ಬಿತ್ರಾ ದ್ವೀಪದ ಜಮೀನನ್ನು ರಕ್ಷಣಾ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಮೊದಲ ಹೆಜ್ಜೆಯಾಗಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಹೊರಟಿತು. 2011ರ ಲೆಕ್ಕದಲ್ಲಿ ಅಲ್ಲಿ 271 ಜನ. ಒಂದು ಜಮಾಅತ್‌ನ ಮದುವೆಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಅಜ್ಜಂದಿರ ಕಾಲದಲ್ಲಿ ನಮ್ಮದೇ ಜಿಲ್ಲೆಯ ಊರು ಅದು. ನಮ್ಮ ಎಷ್ಟು ಗುಂಪುಗಳಲ್ಲಿ ಆ ಸುದ್ದಿ ಓಡಾಡಿತು? ಆ ವಾರ ನನ್ನ ಫೋನಿಗೆ ಬಂದದ್ದು ಹಡಗಿನ ಆಫರ್.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಕೇಳಬೇಕಾದದ್ದನ್ನು ಕೇಳಿ ಎನ್ನುತ್ತಿದ್ದೇನೆ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ದ್ವೀಪದಿಂದ 160 ಜನರನ್ನು ಸುಮಾರು 7 ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರಿಗೆ ತಂದಿಳಿಸಿತು. ಅಂಥ ಹಡಗು ವಾರ ವಾರ, ತಪ್ಪದೆ ಓಡಬೇಕು. ನಮ್ಮ ವರ್ತಕರು, ಜಮಾಅತ್‌ಗಳು, ಗಲ್ಫಿನ ನಮ್ಮ ಸಂಘಗಳು ಅದಕ್ಕಾಗಿ ಶಾಸಕ, ಸಂಸದರ ಬಾಗಿಲು ಬಡಿಯಲಿ. ಅಮಿನಿಯ ಕುಟುಂಬವೊಂದು ರೋಗಿಯನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ ಬಂದರೆ ಜೊತೆಗಿದ್ದವರು ವರಾಂಡದಲ್ಲಿ ಮಲಗುತ್ತಾರೋ ಲಾಡ್ಜ್ ಹುಡುಕುತ್ತಾರೋ ನಮಗೆ ತಿಳಿಯದು. ಬಂದರಿನ ಸುತ್ತ ನಮ್ಮವರ ಎಷ್ಟು ಕಟ್ಟಡಗಳಿಲ್ಲ! ಒಂದು ಮಹಡಿಯಲ್ಲಿ ನಾಲ್ಕು ಕೋಣೆ ಅವರಿಗೆಂದು ಇಟ್ಟರೆ ಯಾರೂ ಬಡವರಾಗುವುದಿಲ್ಲ. ಹಡಗಿನ ಟಿಕೆಟಿಗೆ ಒಂದು ಕುಟುಂಬ ಕೊಟ್ಟ ಹಣದಲ್ಲಿ ಆ ಕೋಣೆಗಳಿಗೆ ಮಂಚ, ಹಾಸಿಗೆ, ಫ್ಯಾನ್ ಎಲ್ಲ ಬರುತ್ತದೆ. ಜಾಗ ಕೊಡುವವರಿದ್ದರೆ ಹೇಳಿ. ಮುಂದಿನ ತಿಂಗಳು ರಜೆಗೆ ಊರಿಗೆ ಬಂದಾಗ ವೈರಿಂಗ್, ಪಂಪು, ನೀರಿನ ಪೈಪಿನ ಕೆಲಸ ನಾನು ಮಾಡಿಕೊಡುತ್ತೇನೆ.