ಒತ್ತಕ್ಷರ ಎಲ್ಲಿ ಕಳಚಿತು?

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಒಂದು ಕ್ರೀಡಾಕೂಟ, ಗೆದ್ದ ಮಕ್ಕಳಿಗೆಲ್ಲ ಪ್ರಶಸ್ತಿಪತ್ರ ಬೇಕು ಎಂದುಕೊಳ್ಳಿ. ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು ಕೋಡ್ ಬರೆದು, ಎಕ್ಸೆಲ್ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಚಿತ್ರದ ಮೇಲೆ ಮೂಡಿಸುತ್ತಾಳೆ. ಇಂಗ್ಲಿಷ್ ಹೆಸರುಗಳು ಅಚ್ಚುಕಟ್ಟಾಗಿ ಬರುತ್ತವೆ. ‘ಶೆಟ್ಟಿಹಳ್ಳಿ’ ಮಾತ್ರ ಚೆಲ್ಲಾಪಿಲ್ಲಿ. ಟಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದೆ, ಗುಡಿಸು ಅಕ್ಷರಕ್ಕೆ ಅಂಟಿಲ್ಲ. ಕೋಡ್‌ನಲ್ಲಿ ತಪ್ಪಿಲ್ಲ, ಫಾಂಟೂ ಸರಿಯಾಗಿದೆ.

ನಾವು ನಾಲ್ಕೇ ಅಕ್ಷರವಾಗಿ ಓದುವ ಈ ಹೆಸರು ಕಂಪ್ಯೂಟರಿನೊಳಗೆ 11 ಯೂನಿಕೋಡ್ ಸಂಕೇತಗಳ ಸಾಲು. ‘ಟ್ಟಿ’ ಒಂದಕ್ಕೇ ನಾಲ್ಕು ಬೇಕು: ಟ, ಸ್ವರ ತೆಗೆಯುವ ಚಿಹ್ನೆ, ಇನ್ನೊಂದು ಟ, ಗುಡಿಸು. ಇವನ್ನು ಕೂಡಿಸಿ ಒತ್ತನ್ನು ಎಲ್ಲಿ ಕೂರಿಸಬೇಕು ಎಂದು ಲೆಕ್ಕ ಹಾಕುವವರು ಯಾರಾದರೂ ಬೇಕಲ್ಲ? ಆ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಲೈಬ್ರರಿ ಇದೆ. ಲೈಬ್ರರಿ ಎಂದರೆ ಇತರರು ಬರೆದಿಟ್ಟ, ನಾವು ಕರೆದು ಬಳಸಬಹುದಾದ ಸಿದ್ಧ ಕೋಡ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಕನ್ನಡವನ್ನು ಜೋಡಿಸುವುದು ಇದೇ.

ತೊಡಕೆಂದರೆ ಹಾರ್ಫ್‌ಬಜ್ ಸಿ++ ಭಾಷೆಯದು, ಹೊರಗಿನವರೊಡನೆ ವ್ಯವಹರಿಸುವುದು ಸಿ ಭಾಷೆಯಲ್ಲಿ. ಪೈಥಾನ್‌ನಲ್ಲಿ ಬಳಸಿ ಮುಗಿದ ಮೆಮೊರಿ ತಾನಾಗಿಯೇ ತೆರವಾಗುತ್ತದೆ. ಸಿ ಭಾಷೆಯಲ್ಲಿ ಬರೆದವರೇ ನೆನಪಿಟ್ಟು ತೆರವು ಮಾಡಬೇಕು. ಮದುವೆಮನೆಗೆ ಬಾಡಿಗೆಗೆ ತಂದ ಪಾತ್ರೆಯ ಹಾಗೆ, ಹಿಂದಿರುಗಿಸುವ ಹೊಣೆ ಗಂಡಿನ ಕಡೆಯವರದೋ ಹೆಣ್ಣಿನ ಕಡೆಯವರದೋ ಎಂಬುದು ಮೊದಲೇ ಇತ್ಯರ್ಥವಾಗಿರಬೇಕು. ಇಬ್ಬರೂ ಮರೆತರೆ ಮೆಮೊರಿ ಸೋರುತ್ತದೆ, ಇಬ್ಬರೂ ಹಿಂದಿರುಗಿಸಲು ಹೋದರೆ ಪ್ರೋಗ್ರಾಮೇ ಕುಸಿಯುತ್ತದೆ. ಈ ಹೊಣೆ, ಪಠ್ಯದ ರೂಪಾಂತರ, ದೋಷದ ವರದಿ ಎಲ್ಲವನ್ನೂ ನಡುವೆ ನಿಂತು ನಿಭಾಯಿಸುವ ಕೋಡ್‌ಗೆ ಬೈಂಡಿಂಗ್ ಎನ್ನುತ್ತಾರೆ; ಸೇತುವೆ ಎಂದುಕೊಳ್ಳಬಹುದು.

ಪೈಥಾನ್‌ನಲ್ಲಿ ಚಿತ್ರಗಳ ಕೆಲಸ ಮಾಡುವ ಪಿಲ್ಲೋ, ಹಾರ್ಫ್‌ಬಜ್ ಅನ್ನು ತಲುಪುವುದು ರಾಕ್ಮ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ. ಈ ಬೆಂಬಲ ಬಂದದ್ದು 2017ರ 4.2 ಆವೃತ್ತಿಯಲ್ಲಿ. ಆಗ ರಾಕ್ಮ್ ಅನ್ನು ಬೇರೆಯಾಗಿ ಕಂಪೈಲ್ ಮಾಡಿಕೊಳ್ಳುವ ಪಾಡು ಬಳಕೆದಾರರದೇ. 2021ರ 8.2 ಆವೃತ್ತಿಯಿಂದ ಪಿಲ್ಲೋ ಪ್ಯಾಕೇಜಿನ ಒಳಗೇ ರಾಕ್ಮ್ ಬರುತ್ತಿದೆ. ಆದರೆ ಅದು ಓಡಲು ಫ್ರಿಬಿಡಿ ಎಂಬ ಮತ್ತೊಂದು ಲೈಬ್ರರಿ ಯಂತ್ರದಲ್ಲಿ ಇರಲೇಬೇಕು, ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಫ್ರಿಬಿಡಿ ಇರುವುದು ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ. ಕನ್ನಡಕ್ಕೆ ಆ ಗೋಜೇ ಇಲ್ಲ. ಆದರೂ ಅದಿಲ್ಲದೆ ನಮ್ಮ ಒತ್ತಕ್ಷರ ಕೂರುವುದಿಲ್ಲ!

ಫ್ರಿಬಿಡಿ ಸಿಗದಿದ್ದಾಗ ಪಿಲ್ಲೋ ದೋಷವೆಂದು ಹೇಳಿ ನಿಲ್ಲುವುದಿಲ್ಲ. ಸದ್ದಿಲ್ಲದೆ ತನ್ನ ಸರಳ ಜೋಡಣೆಗೆ ಇಳಿದು, ಸಂಕೇತಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು, ಹಾಗಾಗಿ ಇಂಗ್ಲಿಷಿನಲ್ಲೇ ಪರೀಕ್ಷಿಸಿದವರಿಗೆ ಕೊರತೆ ಕಾಣುವುದೂ ಇಲ್ಲ. ಪಿಲ್ಲೋದ ಫೀಚರ್ಸ್ ಮಾಡ್ಯೂಲ್‌ನಲ್ಲಿರುವ ಚೆಕ್ ಫಂಕ್ಷನ್‌ಗೆ ರಾಕ್ಮ್ ಹೆಸರು ಕೊಟ್ಟು ಕೇಳಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಹಾಗೆ ಕೇಳಬೇಕೆಂದು ತಿಳಿದವರಿಗೆ ಈ ತೊಂದರೆಯೇ ಬಾರದು.

ಸ್ವಯಂಸೇವಕರ ದುಡಿಮೆಯಿಂದ ಬೆಳೆದ ತಂತ್ರಾಂಶವನ್ನು ಇಷ್ಟಕ್ಕೇ ದೂರುವುದು ಸಲ್ಲ. ಆದರೂ ಲೈಬ್ರರಿಯನ್ನು ಕರೆಯುವುದು ಸುಲಭವಾದರೆ ಸಾಲದು. ಅದು ಕೈಕೊಟ್ಟಾಗ ತಿಳಿಸುವುದೂ ಸೇತುವೆಯ ಕೆಲಸವೇ ಎಂದು ನನ್ನ ಎಣಿಕೆ. ಕೊಟ್ಟ ಪಠ್ಯದಲ್ಲಿ ಕನ್ನಡ, ತಮಿಳು, ದೇವನಾಗರಿಯಂಥ ಲಿಪಿ ಇದ್ದು ರಾಕ್ಮ್ ಸಿಗದಿದ್ದರೆ ಒಂದು ಸಾಲಿನ ಎಚ್ಚರಿಕೆ ಬರಲಿ. ಯಾವ ಲಿಪಿ ಎಂಬುದು ಯೂನಿಕೋಡ್ ಸಂಕೇತದಿಂದಲೇ ತಿಳಿಯುವುದರಿಂದ ಇದು ಕಷ್ಟದ ಕೆಲಸವಲ್ಲ.