ಸೆಂಗಾ ಎಂಬ ಉಲ್ಟಾ ಹೆಸರು

ಸ್ಕಾಟ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಒಂದು ವಿಚಿತ್ರ ಹೆಸರಿದೆ - ಸೆಂಗಾ. ಎಸ್, ಇ, ಎನ್, ಜಿ, ಎ... ಇದನ್ನೇ ಹಿಂದಿನಿಂದ ಓದಿ ನೋಡಿ, ಆಗ್ನೆಸ್! ಗೇಲಿಕ್ ಭಾಷೆಯಲ್ಲಿ 'ತೆಳ್ಳಗಿನ' ಎಂಬರ್ಥದ ಪದವೊಂದರಿಂದ ಈ ಹೆಸರು ಬಂತು ಎನ್ನುವವರೂ ಇದ್ದಾರೆ. ಆದರೆ ಜನರ ಬಾಯಲ್ಲಿ ಉಳಿದಿರುವುದು ಉಲ್ಟಾ ಆಗ್ನೆಸ್ ಕಥೆಯೇ. ನನಗೂ ಅದೇ ಇಷ್ಟ.

ಆಗ್ನೆಸ್ ಅಂದರೆ ಸಾಮಾನ್ಯ ಹೆಸರಲ್ಲ. ಗ್ರೀಕ್ ಮೂಲದಲ್ಲಿ 'ಪರಿಶುದ್ಧೆ' ಎಂದರ್ಥ. ರೋಮ್‌ನಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುಡುಗಿಯೊಬ್ಬಳು ಸಂತ ಆಗ್ನೆಸ್. ಲ್ಯಾಟಿನ್‌ನಲ್ಲಿ ಕುರಿಮರಿಗೆ 'ಆಗ್ನುಸ್' ಎನ್ನುವುದರಿಂದ ಚಿತ್ರಗಳಲ್ಲಿ ಆಕೆಯ ಜೊತೆ ಕುರಿಮರಿ ಇರುತ್ತದೆ. ಸ್ಕಾಟ್ಲೆಂಡಿಗೆ ತನ್ನದೇ ಒಬ್ಬ ಆಗ್ನೆಸ್ ಕೂಡ ಇದ್ದಾಳೆ. 1338ರಲ್ಲಿ, ಗಂಡ ಇಲ್ಲದ ಹೊತ್ತಿನಲ್ಲಿ ಮುತ್ತಿಗೆ ಹಾಕಿದ ಇಂಗ್ಲಿಷ್ ಸೈನ್ಯಕ್ಕೆ ಸುಮಾರು ಐದು ತಿಂಗಳು ಡನ್‌ಬಾರ್ ಕೋಟೆಯನ್ನು ಬಿಟ್ಟುಕೊಡದ 'ಬ್ಲ್ಯಾಕ್ ಆಗ್ನೆಸ್'. ಶತ್ರುಗಳ ಕಲ್ಲು ಬಂದು ಬಡಿದ ಗೋಡೆಯನ್ನು ದಾಸಿಯರ ಕೈಲಿ ಕರವಸ್ತ್ರದಿಂದ ಒರೆಸಿಸಿ ಅಣಕಿಸಿದಳಂತೆ!

ಅಂಥ ಹೆಸರನ್ನು ತಿರುವಿ ಹಾಕಿದ್ದೇಕೆ? ಸ್ಕಾಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು. ಒಂದೇ ಮನೆತನದಲ್ಲಿ ಎಷ್ಟು ಆಗ್ನೆಸ್‌ಗಳಾಗಬಹುದು, ಲೆಕ್ಕ ಹಾಕಿ! ಅಜ್ಜಿಯ ಹೆಸರೂ ಉಳಿಯಬೇಕು, ಮಗುವಿಗೆ ಹೊಸ ಹೆಸರೂ ಬೇಕು. ಉಲ್ಟಾ ಮಾಡಿದರೆ ಎರಡೂ ಆಯಿತಲ್ಲ. ನನ್ನ ಪ್ರಕಾರ ಇದು ಹುಚ್ಚಾಟವಲ್ಲ, ಬಡವರ ಮನೆಯ ಜಾಣತನ.

ಬೇಜಾರಿನ ಸಂಗತಿ ಮುಂದಿದೆ. ಬರಬರುತ್ತಾ ಸೆಂಗಾ ಎಂಬುದು ಒಂದು ಬೈಗುಳವಾಯಿತು. ಬಾಯಿ ಜೋರಿನ, ನಯನಾಜೂಕಿಲ್ಲದ, ಕೂಲಿಕಾರರ ಕೇರಿಯ ಹುಡುಗಿ ಎಂದರೆ 'ಸೆಂಗಾ' ಎಂದು ಅಲ್ಲಿನ ಜನ ನಗತೊಡಗಿದರು. ಅಕ್ಷರಗಳು ಅವೇ ಐದು. ಒಂದು ಕಡೆಯಿಂದ ಓದಿದರೆ ಪರಿಶುದ್ಧೆ, ಇನ್ನೊಂದು ಕಡೆಯಿಂದ ಓದಿದರೆ ಗೇಲಿಯ ಸರಕು. ಹೆಸರಿನ ಅರ್ಥ ನಿಘಂಟಿನಲ್ಲಿರುವುದಿಲ್ಲ ಸ್ವಾಮಿ, ಅದನ್ನು ಇಟ್ಟುಕೊಂಡವರ ಬಗ್ಗೆ ಊರಿಗೆ ಎಷ್ಟು ಮರ್ಯಾದೆ ಇದೆಯೋ ಅದರಲ್ಲಿರುತ್ತದೆ.

ನಾವೇನು ಕಡಿಮೆಯೇ? ನಿಂಗ ಎಂದರೆ ಲಿಂಗವೇ. ಆದರೂ ಜೋಕಿನಲ್ಲಿ ಪೆದ್ದನೊಬ್ಬ ಬೇಕಾದಾಗ ನಾವು ಲಿಂಗರಾಜು ಎನ್ನುವುದಿಲ್ಲ, ನಿಂಗ ಎನ್ನುತ್ತೇವೆ. ಹೀಗೆ ಗೇಲಿಯಾದ ಹೆಸರನ್ನು ಹೊತ್ತ ಮಗು ಶಾಲೆಯ ಹಾಜರಿ ಕೂಗುವಾಗ ತಲೆ ತಗ್ಗಿಸುತ್ತದೆ. ದೊಡ್ಡವನಾದ ಮೇಲೆ ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸಿಕೊಳ್ಳುತ್ತದೆ. ಬದಲಾಗಬೇಕಾದದ್ದು ಹೆಸರಲ್ಲ, ನಗುವ ನಮ್ಮ ಬಾಯಿ.

ನೀವೇನಂತೀರಿ?