ಮನೆಯಿಂದ ಮೊದಲು ಹೊರಟವಳು ಆಕೆ

ಮಲಯಾಳಂ ಪತ್ರಿಕೆಗಳ ನಿಧನವಾರ್ತೆಯ ಪುಟಗಳಲ್ಲಿ ಈಗ ಒಂದು ತಲೆಮಾರು ಸಾಲಾಗಿ ನಿರ್ಗಮಿಸುತ್ತಿದೆ. ಕೋಟ್ಟಯಂ, ತಿರುವಲ್ಲ ಕಡೆಯ ಹಳ್ಳಿಗಳಲ್ಲಿ ಹುಟ್ಟಿ, ಷಿಕಾಗೊ, ಹ್ಯೂಸ್ಟನ್, ಡಲ್ಲಾಸ್, ನ್ಯೂಯಾರ್ಕ್‌ಗಳಲ್ಲಿ ಕಣ್ಣು ಮುಚ್ಚಿದ, ಎಂಬತ್ತರ ಆಸುಪಾಸಿನ ಅಜ್ಜಿಯರು. ಯಾವ ಮನೆತನ, ಗಂಡ ಯಾರು, ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲಿದ್ದಾರೆ, ಅಂತ್ಯಕ್ರಿಯೆ ಯಾವ ಚರ್ಚಿನಲ್ಲಿ, ಎಲ್ಲವೂ ಅಲ್ಲಿರುತ್ತದೆ. ದಶಕಗಟ್ಟಲೆ ಆಕೆ ದುಡಿದ ವಾರ್ಡಿನ ಬಗ್ಗೆ ಮಾತ್ರ ‘ನಿವೃತ್ತ ನರ್ಸ್’ ಎಂಬುದಕ್ಕಿಂತ ಹೆಚ್ಚು ಬರೆಯುವವರು ಕಡಿಮೆ. ಆ ಕುಟುಂಬ ಅಮೆರಿಕ ಸೇರಿದ್ದೇ ಆಕೆಯ ಆ ಕೆಲಸದ ಬಲದಿಂದ. ಅದನ್ನು ಬಿಟ್ಟು ಆಕೆಯನ್ನು ನೆನೆಯುವುದು ಅನ್ಯಾಯ.

ಕೇರಳದ ಬಡ ಹಾಗೂ ಮಧ್ಯಮ ವರ್ಗದ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಹೊರಟಾಗ ಸಮಾಜ ಅವರನ್ನು ಹರಸಿ ಕಳಿಸಲಿಲ್ಲ. ಪರಗಂಡಸರ ಮೈ ಮುಟ್ಟುವ ಕೆಲಸ, ಮಲಮೂತ್ರ ಎತ್ತುವ ಕೆಲಸ, ರಾತ್ರಿಯೆಲ್ಲ ಮನೆಯ ಹೊರಗಿರುವ ಕೆಲಸ ಎಂಬ ತಾತ್ಸಾರವಿತ್ತು. ಮಡಿ-ಮೈಲಿಗೆ ಎನ್ನುವ ಮೇಲ್ಜಾತಿಯವರು ಮಗಳನ್ನು ಈ ದಾರಿಗೆ ಬಿಡುತ್ತಿರಲಿಲ್ಲ. ಆದರೆ ಮಿಷನ್ ಆಸ್ಪತ್ರೆಗಳ ತರಬೇತಿ ಶಾಲೆಗಳಲ್ಲಿ ಊಟ-ವಸತಿಯ ಜೊತೆಗೆ ಕೈಗಿಷ್ಟು ಸ್ಟೈಪೆಂಡ್ ಸಿಗುತ್ತಿತ್ತು. ಖರ್ಚಿಲ್ಲದೆ ಮಗಳ ಓದು ಮುಗಿದು ಸಂಬಳ ಶುರುವಾಗುವ ದಾರಿ ಅದೊಂದೇ. ಹದಿನೇಳು-ಹದಿನೆಂಟರ ಹುಡುಗಿಯರು ಗೊತ್ತಿಲ್ಲದ ಭಾಷೆಯ ದೂರದ ಊರುಗಳಿಗೆ ರೈಲು ಹತ್ತಿದರು. ತಮ್ಮಂದಿರ ಫೀಸು, ತಂಗಿಯರ ವರದಕ್ಷಿಣೆ, ಅಪ್ಪನ ಸಾಲ, ಎಲ್ಲ ಅವರು ಕಳಿಸಿದ ಮನಿಯಾರ್ಡರ್‌ನಲ್ಲಿ ತೀರಿತು. ಅಮೆರಿಕ ಕಾಣುವ ಮೊದಲೇ ಅವರು ಮನೆ ನಡೆಸುವವರಾಗಿದ್ದರು.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೆ ಮುಂಚೆ ಇಡೀ ಭಾರತಕ್ಕೆ ಮೀಸಲಿದ್ದದ್ದು ವರ್ಷಕ್ಕೆ ಸುಮಾರು ನೂರು ವೀಸಾ. ಹೊಸ ಕಾಯ್ದೆ ಆ ಕೋಟಾ ಪದ್ಧತಿಯನ್ನು ಕಿತ್ತುಹಾಕಿ, ಅಮೆರಿಕಕ್ಕೆ ಬೇಕಾದ ವೃತ್ತಿಯವರಿಗೆ ಆದ್ಯತೆ ಕೊಟ್ಟಿತು. ಅಲ್ಲಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕೊರತೆಯಿತ್ತು. ಊರಲ್ಲಿ ಮೂಗು ಮುರಿಸಿಕೊಂಡಿದ್ದ ಸರ್ಟಿಫಿಕೇಟು ಅಮೆರಿಕದ ಬಾಗಿಲು ತೆರೆಯಿತು.

ಹಾಗೆಂದು ಅದು ಸಲೀಸಾದ ಪ್ರವೇಶವಾಗಿರಲಿಲ್ಲ. ಪ್ರತಿ ರಾಜ್ಯವೂ ತನ್ನ ಲೈಸೆನ್ಸ್‌ಗೆ ಪರೀಕ್ಷೆ ಪಾಸಾಗಬೇಕು ಎನ್ನುತ್ತಿತ್ತು. ಅಲ್ಲಿಯವರೆಗೆ, ವರ್ಷಗಳ ಅನುಭವವಿದ್ದ ಸ್ಟಾಫ್ ನರ್ಸ್‌ಗಳೂ ಸಹಾಯಕಿಯರಾಗಿ ಹಾಸಿಗೆ ಬದಲಿಸುತ್ತ, ಬೆಡ್‌ಪ್ಯಾನ್ ತೊಳೆಯುತ್ತ ದುಡಿದರು. ರಾತ್ರಿ ಪಾಳಿಗೆ ಒಂದಿಷ್ಟು ಹೆಚ್ಚು ಹಣ, ಹಗಲು ಮಕ್ಕಳ ಹತ್ತಿರ ಇರಬಹುದು ಎಂಬ ಲೆಕ್ಕ. ಗಂಡ ಹಗಲು ಪಾಳಿ, ಹೆಂಡತಿ ರಾತ್ರಿ ಪಾಳಿ. ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುವಷ್ಟು ಹೊತ್ತೇ ದಂಪತಿಯ ಭೇಟಿ. ಪಾಳಿ ಹೊಂದದವರು ಹಸುಗೂಸನ್ನು ಕೇರಳದ ಅಜ್ಜಿಯ ಮಡಿಲಿಗೆ ಕಳಿಸಿ, ಫೋಟೊದಲ್ಲಿ ಅದು ಬೆಳೆಯುವುದನ್ನು ನೋಡಿದರು. ಈ ಸಂಕಟಕ್ಕೆ ಯಾವ ಡಾಲರ್ ಲೆಕ್ಕವೂ ಸಮವಲ್ಲ.

ಆಕೆ ಪೌರತ್ವ ಪಡೆದ ಮೇಲೆ ಅಪ್ಪ-ಅಮ್ಮನಿಗೆ, ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಅರ್ಜಿ ಹಾಕುವ ಹಕ್ಕು ಬಂತು. ಒಬ್ಬ ನರ್ಸ್ ಹಿಂದೆ ಇಡೀ ಮನೆತನ ಸಮುದ್ರ ದಾಟಿತು. ಹೊಸದಾಗಿ ಬಂದವರು ಆಕೆಯ ಮನೆಯ ನಡುಕೋಣೆಯಲ್ಲಿ ಹಾಸಿ ಮಲಗಿ, ಆಕೆ ಮಾಡಿದ ಅನ್ನ-ಮೀನುಸಾರು ತಿಂದು, ಆಕೆ ಹುಡುಕಿಕೊಟ್ಟ ಕೆಲಸಕ್ಕೆ ಹೋದರು. ಮನೆಯ ಹಿರಿತನ ವಯಸ್ಸಿನಿಂದ ಬರುತ್ತದೆ ಎನ್ನುತ್ತೇವೆ. ಇವರಿಗೆ ಅದು ಮೂವತ್ತು ತುಂಬುವ ಮುಂಚೆಯೇ ಹೆಗಲೇರಿತ್ತು.

ಗಂಡಂದಿರ ಪಾಡು ಬೇರೆ. ಊರಲ್ಲಿ ಅಧ್ಯಾಪಕನೋ ಗುಮಾಸ್ತನೋ ಆಗಿದ್ದವನು ಅಮೆರಿಕಕ್ಕೆ ಹೆಂಡತಿಯ ವೀಸಾದ ಮೇಲೆ ಬಂದವ. ಸಿಕ್ಕ ಕೆಲಸ ಕಾರ್ಖಾನೆಯದೋ ಉಗ್ರಾಣದ್ದೋ. ಸಮಾಜಶಾಸ್ತ್ರಜ್ಞೆ ಶೀಬಾ ಮರಿಯಂ ಜಾರ್ಜ್ 2005ರಲ್ಲಿ ಪ್ರಕಟಿಸಿದ ‘ವೆನ್ ವಿಮೆನ್ ಕಮ್ ಫಸ್ಟ್’ ಅಧ್ಯಯನ ಇದನ್ನು ಎತ್ತಿ ತೋರಿಸಿತು. ಮನೆಯಲ್ಲೂ ಕೆಲಸದಲ್ಲೂ ಕಳೆದುಕೊಂಡ ಸ್ಥಾನಮಾನವನ್ನು ಗಂಡಸರು ಚರ್ಚಿನ ಸಮಿತಿಗಳಲ್ಲಿ ಹುಡುಕಿಕೊಂಡರು. ಹೆಂಡತಿ ದುಡಿದದ್ದರಲ್ಲಿ ಚರ್ಚು ಎದ್ದಿತು, ಅದರ ಪದಾಧಿಕಾರಿಗಳ ಪಟ್ಟಿಯಲ್ಲಿ ಗಂಡನ ಹೆಸರು ಬಂತು. ಆಕೆ ತೀರಿಕೊಂಡಾಗ ಶ್ರದ್ಧಾಂಜಲಿ ಹೇಳುವುದೂ ಅದೇ ವೇದಿಕೆ. ಅಲ್ಲಿಂದ ‘ಮಮತೆಯ ತಾಯಿ’, ‘ದೈವಭಕ್ತೆ’ ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಅವೂ ನಿಜವೇ. ಆದರೆ ಪ್ರೀತಿಯ ಹೊಗಳಿಕೆ ಆಕೆಯ ದುಡಿಮೆಯನ್ನು ಮುಚ್ಚಬಾರದು.

ಜರ್ಮನಿಗೆ ಹೋದವರ ಕಥೆ ಇನ್ನೂ ಕಠಿಣ. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಮೂಲಕ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಕೇರಳದ ಹುಡುಗಿಯರು ಹೋದರು. ಎಪ್ಪತ್ತರ ದಶಕದ ಕೊನೆಗೆ ಕೊರತೆ ನೀಗಿತು ಎನಿಸಿದಾಗ ಹಲವರ ಪರವಾನಗಿ ನವೀಕರಣವಾಗದೆ ಊರಿಗೆ ಮರಳಬೇಕಾಯಿತು. ಬೇಕಾದಾಗ ಕರೆದು, ಬೇಡವಾದಾಗ ಕಳಿಸುವ ಈ ರೀತಿಯನ್ನು ಶ್ರೀಮಂತ ದೇಶಗಳು ಇವತ್ತಿಗೂ ಬಿಟ್ಟಿಲ್ಲ.

ಇದು ನೆರೆಯವರ ಕಥೆಯೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಮಕ್ಕಳು ಬ್ಯಾಂಕ್ ಸಾಲ ಮಾಡಿ ಓದುತ್ತಿದ್ದಾರೆ. ನಮ್ಮೂರ ಹುಡುಗಿಯರೂ ಅದೇ ಬೆಂಚಿನಲ್ಲಿದ್ದಾರೆ. ನಮ್ಮ ಅಪ್ಪ-ಅಮ್ಮನಿಗೆ ನಡುರಾತ್ರಿ ಡ್ರಿಪ್ ಹಾಕುವ ‘ಸಿಸ್ಟರ್’ ಎಲ್ಲೋ ಒಂದು ಮನೆಯನ್ನು ಹೊತ್ತವಳು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ ಸರ್ಕಾರ ಅದನ್ನು ಕನಿಷ್ಠ ವೇತನವಾಗಿ ಅಧಿಸೂಚಿಸಿತು. ಇಲ್ಲಿ ಬಾಳಲು ಸಾಕಾಗುವ ಸಂಬಳ ಕೊಡದೆ, ಅವರು ವಿಮಾನ ಹತ್ತಿದರೆ ದೇಶ ಬಿಟ್ಟರೆಂದು ದೂರುವ ಹಕ್ಕು ನಮಗಿಲ್ಲ.

ಮನೆಯಲ್ಲಿ ಇಂಥ ಅಜ್ಜಿ ಇನ್ನೂ ಬದುಕಿದ್ದರೆ, ಮೊಮ್ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟು. ಹಬ್ಬದ ಅಡುಗೆ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುವಾಗ, ಮೊದಲ ಸಂಬಳ ಎಷ್ಟು, ಅದು ಯಾರಿಗೆ ಹೋಯಿತು, ಯಾವ ರೋಗಿಯ ಸಾವು ಮನಸ್ಸನ್ನು ಬಿಡಲಿಲ್ಲ, ಯಾರು ಅವಮಾನಿಸಿದರು, ಯಾರಿಗೆ ಎದುರು ಮಾತಾಡಿದಿರಿ ಎಂದೂ ಕೇಳಿ. ಬರೆದಿಡಿ. ಆಕೆ ಹೋದ ದಿನ ಪತ್ರಿಕೆಗೆ ಕೊಡುವ ಸಾಲುಗಳಲ್ಲಿ ಆಸ್ಪತ್ರೆಯ ಹೆಸರು, ವಾರ್ಡು, ಸೇವೆಯ ವರ್ಷಗಳು, ಆಕೆಯ ಅರ್ಜಿಯಿಂದ ಬಂದವರ ಹೆಸರುಗಳು ಇರಲಿ. ಕುಟುಂಬದ ಚರಿತ್ರೆಯನ್ನು ಗಂಡನ ಮನೆತನದಿಂದ ಶುರುಮಾಡುವುದು ರೂಢಿ. ಈ ಕುಟುಂಬಗಳ ಚರಿತ್ರೆ ಶುರುವಾಗಬೇಕಾದದ್ದು ನರ್ಸಿಂಗ್ ಸರ್ಟಿಫಿಕೇಟಿನ ಮೇಲಿರುವ ಆ ಹೆಣ್ಣಿನ ಹೆಸರಿನಿಂದ.